ಟೊಂಕ ಬ್ಯಾನಿಗೆ ಮನ್ಯಾಗ ಟ್ರಾಕ್ಷನ್ (ತೂಕ ಕಟ್ಟಿ ಟೊಂಕ ಜಗ್ಗೋದು) ಹಚ್ಚಬಹುದೇನ್ರಿ?

ಬೆಟಗೇರಿ_ಮಗ್ಗ

ನಮ್ಮ ಕಾಕಾಗ 54 ವರ್ಷ, ತೂಕ 72 ಕಿಲೋ, ಕುಣಿ ಮಗ್ಗದ ಕೆಲಸ. ಐದು ವಾರದಿಂದ ಟೊಂಕ ಬ್ಯಾನಿ, ಬಲಗಾಲಿನ ಮೀನಖಂಡದ ತನಕ ಎಳಿತೈತಿ. ಎಂಆರ್‌ಐದಾಗ ಎಲ್4–ಎಲ್5 ಡಿಸ್ಕ್ (ಟೊಂಕದ ನಾಕನೇ-ಐದನೇ ಎಲುಬಿನ ನಡುವಿನ ಮೆತ್ತನ ಭಾಗ) ಉಬ್ಬೈತಿ ಅಂತ ಬಂದೈತಿ. ಆಪರೇಷನ್ ಬ್ಯಾಡ, ಗುಳಿಗಿ ಮತ್ತ ವ್ಯಾಯಾಮ ಸಾಕು ಅಂದಾರ ಡಾಕ್ಟರು. ಬಿಪಿ ಗುಳಿಗಿ ಮೊದಲಿಂದನೂ ನಡದೈತಿ.

ಮೆಡಿಕಲ್ ಅಂಗಡ್ಯಾಗ ಪಟ್ಟಿ, ರಾಟಿ, ಹಗ್ಗ, ಚೀಲ ಕೂಡಿದ ಪೆಲ್ವಿಕ್ ಟ್ರಾಕ್ಷನ್ ಕಿಟ್ ಐತಿ. ಮಂಚಕ್ಕ ಕಟ್ಟಿ 5 ಕಿಲೋ ಉಸುಕು ತೂಗಬಿಡ್ರಿ, ಸಾಕು ಅಂತ ಓಣ್ಯಾಗಿನವರು ಹೇಳತಾರ. ಆನ್‌ಲೈನ್‌ದಾಗ ನೋಡಿದ್ರ ಗಾಳಿ ತುಂಬೋ ಬೆಲ್ಟ್, ಪ್ಲಾಸ್ಟಿಕ್ ಕಮಾನು, ತೆಳಗ ಮ್ಯಾಲ ತೂಗೋ ಇನ್ವರ್ಷನ್ ಟೇಬಲ್, ಎಲ್ಲಾ ಅದಾವ. ಇವುದ್ರಾಗ ಯಾವುದು ತರಬೇಕು? ಎಷ್ಟು ತೂಕ, ಎಷ್ಟೊತ್ತು? ಮನ್ಯಾಗ ಇರೋದು ಹಗ್ಗದ ಹೊರಸು ಮತ್ತ ಒಂದು ಕಟಗಿ ಮಂಚ.

---

ಸಪ್ತಾಪುರ_ಫಿಸಿಯೊ

ಕಿಟ್ ತರಬೇಡಿ. ಕಾರಣ ಆ 5 ಕಿಲೋದಲ್ಲೇ ಇದೆ.

ನಿಮ್ಮ ಕಾಕಾ ಅವರ 72 ಕಿಲೋದಲ್ಲಿ ಸೊಂಟದಿಂದ ಕೆಳಗಿನದು ಹೆಚ್ಚುಕಡಿಮೆ ಅರ್ಧ, ಅಂದರೆ 36 ಕಿಲೋ. ಗಾದಿಯ ಮೇಲೆ ಮಲಗಿರುವ ಆ 36 ಕಿಲೋವನ್ನು ಕಾಲ್ಕಡೆಗೆ ಜಗ್ಗಿದರೆ ಮೊದಲು ಎದುರಾಗುವುದು ಗಾದಿಯ ತಿಕ್ಕಾಟ. ಅದನ್ನು ಮೀರಲಿಕ್ಕೇ ಅರ್ಧದಷ್ಟು, 18 ಕಿಲೋ ಬೇಕು. ಒಟ್ಟು ದೇಹತೂಕದ ಕಾಲು ಭಾಗ ಎಂದು ಲೆಕ್ಕ ಇಟ್ಟುಕೊಳ್ಳಿ. 18ರ ಕೆಳಗೆ ಎಷ್ಟೇ ತೂಗಿಬಿಟ್ಟರೂ ಅದನ್ನು ಗಾದಿ ಮತ್ತು ಚರ್ಮವೇ ತಿಂದುಬಿಡುತ್ತವೆ, ಎಲ್4–ಎಲ್5ರ ತನಕ ಅದು ಮುಟ್ಟುವುದಿಲ್ಲ. 5 ಕಿಲೋ ಉಸುಕಿನ ಚೀಲ ಮಾಡುವ ಕೆಲಸ ಒಂದೇ: ಮನುಷ್ಯನನ್ನು ಮಂಚದಿಂದ ಏಳದಂತೆ ಕಟ್ಟಿಹಾಕುವುದು.

ಆಸ್ಪತ್ರೆಯ ಟೇಬಲ್ ಇದಕ್ಕೇ ಬೇರೆ. ಅದರ ಹಲಗೆ ಎರಡು ತುಂಡು. ಲಾಕ್ ಬಿಚ್ಚಿದರೆ ಸೊಂಟದ ಕೆಳಗಿನ ತುಂಡು ಗಾಲಿಯ ಮೇಲೆ ಜಾರುತ್ತದೆ, ತಿಕ್ಕಾಟ ಬಹುತೇಕ ಇಲ್ಲವಾಗುತ್ತದೆ. ಎದೆಗೆ ಒಂದು ಪಟ್ಟಿ ಬಿಗಿದು ಮೇಲ್ಭಾಗ ಜಾರದಂತೆ ಹಿಡಿದಿರುತ್ತಾರೆ. ಸಾಮಾನ್ಯವಾಗಿ ದೇಹತೂಕದ ಕಾಲು ಭಾಗದಿಂದ ಶುರುಮಾಡಿ ಅರ್ಧದ ತನಕ ಏರಿಸುತ್ತಾರೆ, ಯಂತ್ರ ಕೆಲವು ಸೆಕೆಂಡು ಎಳೆದು ಕೆಲವು ಸೆಕೆಂಡು ಸಡಿಲ ಬಿಡುತ್ತದೆ, 15–20 ನಿಮಿಷ. ಮನೆಯಲ್ಲಿ ಒಂಟಿ ರಾಟಿಯಲ್ಲಿ ಇದು ಬರುವುದಿಲ್ಲ. 18ರ ಬದಲು 25 ಕಿಲೋ ತೂಗಿಬಿಟ್ಟರೂ ಸೊಂಟಕ್ಕೆ ಉಳಿಯುವುದು 7 ಕಿಲೋ; 36 ದಾಟಿಸಿದರೆ ಮೇಲ್ಭಾಗದ ತಿಕ್ಕಾಟವೂ ಸೋತು ಇಡೀ ಮನುಷ್ಯ ಕಾಲ್ಕಡೆಗೆ ಜಾರಿ ಪಾದ ಮಂಚದ ಪಟ್ಟಿಗೆ ತಾಗುತ್ತದೆ, ಅಷ್ಟೇ.

ಇನ್ನು, ಆ ಒಳ್ಳೆಯ ಟೇಬಲ್ಲಿನಿಂದಾದರೂ ಎಷ್ಟು ಲಾಭ? 2013ರ ಕಾಕ್ರೇನ್ ಪರಿಶೀಲನೆ (ಚಿಕಿತ್ಸೆಗಳ ಪ್ರಯೋಗಗಳನ್ನು ಕೂಡಿಸಿ ತೂಗುವ ಅಂತರರಾಷ್ಟ್ರೀಯ ತಂಡದ್ದು) 32 ಪ್ರಯೋಗಗಳನ್ನು, 2762 ಜನರನ್ನು ಒಟ್ಟು ನೋಡಿತು. ಕಾಲಿಗೆ ಇಳಿಯುವ ನೋವು ಇರಲಿ ಬಿಡಲಿ, ನೋವು, ಓಡಾಟ, ಕೆಲಸಕ್ಕೆ ಮರಳುವುದು, ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. 2016ರಲ್ಲಿ ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ ಟ್ರಾಕ್ಷನ್ ಕೊಡಬೇಡಿ ಎಂದೇ ಬರೆಯಿತು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಬೆನ್ನುನೋವಿಗೆ ಕೊಟ್ಟ ಮಾರ್ಗಸೂಚಿಯೂ ಟ್ರಾಕ್ಷನ್ ಮತ್ತು ಸೊಂಟದ ಬೆಲ್ಟ್ ಎರಡನ್ನೂ ಬೇಡದ ಪಟ್ಟಿಗೆ ಹಾಕಿದೆ. ‘ಡಿಕಂಪ್ರೆಷನ್’ ಎಂದು ಬೋರ್ಡು ಹಾಕಿ 20 ಸಿಟಿಂಗಿನ ಪ್ಯಾಕೇಜು ಮಾರುವುದೂ ಮೂಲದಲ್ಲಿ ಎಳೆಯುವ ಕೆಲಸವೇ. ಯಂತ್ರಕ್ಕೆ ಕಂಪ್ಯೂಟರ್ ಕೂಡಿಸಿದ್ದಾರೆ.

ಹಾಗಾದರೆ ‘ಹಚ್ಚಿದ ಮೇಲೆ ಹಗುರಾಯಿತು’ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. 1999ರಲ್ಲಿ ಡಿಸ್ಕಿನೊಳಗೆ ಸೂಜಿಯಂಥ ಸಂವೇದಕ ಇಟ್ಟು ಒತ್ತಡ ಅಳೆದಾಗ ಮಲಗಿದ್ದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5, ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3 ಬಂದಿತ್ತು. ಬರೀ ಮಲಗಿದರೇ ಒತ್ತಡ ಐದನೇ ಒಂದಕ್ಕೆ ಇಳಿಯುತ್ತದೆ. ಹಗುರಾಗಿದ್ದು ಖರೆ, ಶ್ರೇಯಸ್ಸು ಮಾತ್ರ ಚೀಲಕ್ಕೆ ಹೋಯಿತು. ಎದ್ದು ಹತ್ತು ಹೆಜ್ಜೆ ನಡೆದರೆ ಒತ್ತಡ ಮತ್ತೆ ಮೊದಲಿನ ಜಾಗಕ್ಕೆ.

---

ರಾಟಿ_ಹಗ್ಗ (ಹುಬ್ಬಳ್ಳಿ)

ಸರ್ ಹೇಳಿದ್ದು ಖರೆ. ಆದ್ರ ಭಾಳ ಮಂದಿ ಮನ್ಯಾಗ ಕಿಟ್ ಆಗಲೇ ತಂದು ಕಟ್ಟಿ ಕುಂತಿರತಾರ. ಇಂಥ ಸಾಮಾನು ಜೋಡಿಸಿ ಕೊಡೋದ ನಮ್ಮ ಕೆಲಸ, ಅದರಾಗ ಏನು ತಪ್ಪತೈತಿ ಅಂಬೋದು ಬರೀತೀನಿ. ಬ್ಯಾನಿ ಹೋಗತೈತಿ ಅಂತಲ್ಲ, ಕಟ್ಟಿದ್ರಿಂದ ಹೊಸ ಬ್ಯಾನಿ ಬರಬಾರದು ಅಂತ.

ಎಲ್ಲಕಿಂತ ಹೆಚ್ಚು ನೋಡೋ ತಪ್ಪು ಗಂಟಿನದು. ಪಟ್ಟಿಯ ಲಾಡಿ ಕೂಡೋ ಅಡ್ಡಕೋಲಿಗೆ ಹಗ್ಗ ಕಟ್ಟಿದ ಗಂಟು ಮಂಚದ ತುದಿಯ ರಾಟಿಗಿಂತ ಒಂದು ಗೇಣು ದೂರ ಇರಬೇಕು. ಹತ್ರ ಇದ್ರ ಮನುಷ್ಯ ಸ್ವಲ್ಪ ಕೆಳಗ ಜಾರಿದ ಕೂಡಲೇ ಗಂಟು ಬಂದು ರಾಟಿ ಬಾಯಾಗ ಸಿಕ್ಕೊಂತೈತಿ. ಆಮ್ಯಾಲ ಅಷ್ಟೂ ತೂಕ ರಾಟಿ ಹೊತ್ತು ನಿಂತಿರತೈತಿ, ಟೊಂಕಕ್ಕ ಏನೂ ಇಲ್ಲ. ನೋಡಿದವರಿಗೆ ಮಾತ್ರ ಹಗ್ಗ ಬಿಗಿ ಕಾಣತೈತಿ. ಬಟ್ಟಲೆ ಗಂಟಿನ ಈಚೆ, ಮನುಷ್ಯನ ಕಡೆ ಲಾಡಿ ಒತ್ತಿ ನೋಡ್ರಿ, ಅಲ್ಲಿ ಸಡಿಲ ಇದ್ರ ಸಿಕ್ಕೊಂಡೈತಿ ಅಂತ ಅರ್ಥ. ಚೀಲದ ತಳ ನೆಲಕ್ಕ ತಾಗಿದ್ರೂ ಇದ ಕಥಿ. ನೆಲದಿಂದ ಕಡಿಮಿ ಅಂದ್ರ 20 ಸೆಂ.ಮೀ. ಮ್ಯಾಲ ತೂಗಾಡಬೇಕು.

ಪಟ್ಟಿ ಎಲ್ಲಿ ಕಟ್ಟತಾರ ನೋಡ್ರಿ, ಅದೂ ತಪ್ಪ. ಹೊಟ್ಟಿಗಲ್ಲ, ತೊಡಿಗೂ ಅಲ್ಲ. ಎರಡೂ ಬಗಲಾಗ ಕೈಗೆ ಹತ್ತೋ ಟೊಂಕದ ಎಲುಬಿನ ಏಣಿನ ಮ್ಯಾಲ ಪಟ್ಟಿಯ ಮ್ಯಾಲಿನ ಅಂಚು ಕುಂತು, ಆ ಏಣನ್ನ ಹಿಡದು ಜಗ್ಗಬೇಕು. ಕೆಳಗಾದ್ರ ಪೃಷ್ಠದ ಮ್ಯಾಲಿಂದ ಜಾರಿ ಇಳಿತೈತಿ. ಲುಂಗಿ ಮಡಿಕಿ ಒಳಗ ಸಿಕ್ಕರ ಚರ್ಮ ತೆರಚತೈತಿ. ಮತ್ತ ಲಾಡಿ ಎರಡೂ ಹಿಂದಿನ ಕಡಿಂದ, ಅಂದ್ರ ಪೃಷ್ಠದ ಕಡಿಂದ ಬರಬೇಕು. ಮುಂದಿಂದ ಜಗ್ಗಿದ್ರ ಟೊಂಕ ಬಿಲ್ಲಿನಂಗ ಬಾಗತೈತಿ, ಇರೋ ಬ್ಯಾನಿ ದುಪ್ಪಟ್ಟು.

ಮಂಚದ ಕಾಲ್ಕಡೆ ಇಟ್ಟಂಗಿ ಇಡ್ರಿ ಅಂತಾರಲ್ಲ, ಅದಕ್ಕೂ ಲೆಕ್ಕ ಐತಿ. 6 ಫೂಟಿನ ಮಂಚವನ್ನ ಕಾಲ್ಕಡೆ 20 ಸೆಂ.ಮೀ. ಎತ್ತಿದ್ರ 72 ಕಿಲೋ ಮನುಷ್ಯ ತಲಿ ಕಡೆಗೆ ಸುಮಾರು 8 ಕಿಲೋ ಬಲದಾಗ ಜಾರಾಕ ನೋಡತಾನ. ಚೀಲದ ತೂಕಕ್ಕ ಎದುರು ಜಗ್ಗೋದು ಅದ. ಇಟ್ಟಂಗಿ ಇಲ್ಲಾಂದ್ರ ತೂಕ ಅವನನ್ನ ಕೆಳಗ ಎಳಕೊಂಡು ಬರತೈತಿ. ಆದ್ರ ತಲಿ ತಗ್ಗಾಗ ಇರೋದ್ರಿಂದ ಬಿಪಿ ಇದ್ದವರಿಗೆ, ಎದಿ ಉರಿ ಇದ್ದವರಿಗೆ ಕೂಡಂಗಿಲ್ಲ. ಉಂಡು ಎರಡು ತಾಸು ಆಗೂತನಕ ಯಾರಿಗೂ ಬ್ಯಾಡ. ಒಂದು ಕಾಲಿಗೆ ಮೂರು ಇಟ್ಟಂಗಿ, ಇನ್ನೊಂದಕ್ಕ ಎರಡೂವರಿ ಇಟ್ಟು ಮಂಚ ಡುಗುಡುಗು ಅಲ್ಲಾಡೋದನ್ನೂ ನೋಡೇವಿ. ಹೊರಸಿನ ಮಾತಂತೂ ಬಿಡ್ರಿ, ನಡುವ ಜೋಲಿ ಬಿದ್ದ ಹಗ್ಗದಾಗ ಟೊಂಕ ಮಡಚಿಕೊಂಡಿರತೈತಿ, ಜಗ್ಗಿದ್ದು ಎಲ್ಲಿಗೆ ಹೋಗತೈತೋ.

ಉಸುಕು ಹಸಿ ಇದ್ರ ಅದ ಚೀಲ ಹೆಚ್ಚು ತೂಗತೈತಿ, ಅಂದಾಜಿನಲೆ ತುಂಬಬ್ಯಾಡ್ರಿ. ನೀರಿನ ಬಾಟಲಿ ಇಟ್ರ ಲೀಟರಿಗೆ ಒಂದು ಕಿಲೋ, ಲೆಕ್ಕ ಸೀದಾ. ಬಿಚ್ಚುವಾಗ ಚೀಲವನ್ನ ಎರಡೂ ಕೈಲೆ ನಿಧಾನ ಎತ್ತಿ, ಹಗ್ಗ ಸಡಿಲಾದ ಮ್ಯಾಲ ಪಟ್ಟಿ ಬಿಚ್ರಿ. ಪಟ್ಟಂತ ಹಗ್ಗ ಬಿಟ್ರ ಸ್ನಾಯು ಹಿಡಕೊಂಡು ಚಳಕ ಬರತೈತಿ. ಐದು ನಿಮಿಷ ಹಂಗ ಮಲಗಿ, ಮಗ್ಗಲಾಗಿ, ಕೈ ಊರಿ ಏಳಬೇಕು.

ಉಳಿದ ಸಾಮಾನು: ಗಾಳಿ ಬೆಲ್ಟಿನೊಳಗ ಉದ್ದುದ್ದ ನಳಿಗಿ ಇರತಾವ, ಗಾಳಿ ತುಂಬಿದ್ರ ಬೆಲ್ಟು ಎತ್ತರ ಆಗಿ ಮ್ಯಾಲ ಪಕ್ಕೆಲುಬಿಗೆ, ಕೆಳಗ ಟೊಂಕದ ಎಲುಬಿಗೆ ಒತ್ತತೈತಿ. ಹೊಟ್ಟಿ ಇದ್ದವರಿಗೆ ಆ ಒತ್ತು ಮೆತ್ತನ ಜಾಗಾದಾಗ ಇಂಗಿಹೋಗತೈತಿ. ಹರ್ನಿಯಾ ಇದ್ರ ಮುಟ್ಟಬ್ಯಾಡ್ರಿ. ಪ್ಲಾಸ್ಟಿಕ್ ಕಮಾನು ಟ್ರಾಕ್ಷನ್ ಅಲ್ಲವೇ ಅಲ್ಲ, ಅದು ಬೆನ್ನನ್ನ ಹಿಂದಕ್ಕ ಬಾಗಿಸೋ ಸಾಮಾನು. ನಡದ್ರ ಕಾಲು ಜೋಮು ಹಿಡಿದು, ಕುಂತ ಕೂಡಲೇ ಬಿಡತೈತಿ ಅನ್ನೋ ವಯಸ್ಸಾದವರಿಗೆ ನರದ ದಾರಿ ಸಣ್ಣಾಗಿರತೈತಿ. ಅವರು ಕಮಾನಿನ ಮ್ಯಾಲ ಮಲಗಿದ್ರ ದಾರಿ ಇನ್ನೂ ಸಣ್ಣಾಗತೈತಿ.

ಇನ್ವರ್ಷನ್ ಟೇಬಲ್ ನಿಮ್ಮ ಕಾಕಾಗ ಬಿಲ್‌ಕುಲ್ ಬ್ಯಾಡ. ತಲಿಕೆಳಗಾದ್ರ ಬಿಪಿ ಏರತೈತಿ, ಕಣ್ಣೊಳಗಿನ ಒತ್ತಡ ಎರಡು ಪಟ್ಟಿನ ಹತ್ರ ಹೋಗತೈತಿ. ಗ್ಲಾಕೋಮಾ ಇದ್ದವರ ಕಣ್ಣಿಗೇ ಕುತ್ತು. ‘ಸ್ವಲ್ಪ ಓರೆ ಮಾಡಿದ್ರ ಸಾಕಲ್ಲ’ ಅಂತಾರ. ಹಲಗಿ ಮ್ಯಾಲೂ ಅದ ಅರ್ಧದ ತಿಕ್ಕಾಟ ಹಿಡೀರಿ. 20 ಡಿಗ್ರಿ ಓರೆಗೆ ಎದಿ-ತಲಿ ಭಾಗದ 36 ಕಿಲೋದಾಗ ಜಗ್ಗೋದು 12 ಕಿಲೋ, ತಿಕ್ಕಾಟ 17 ಕಿಲೋ. ಗೆಲ್ಲೋದು ಹಲಗಿ. 45 ಡಿಗ್ರಿಗೆ ಹೋದ್ರ 12–13 ಕಿಲೋ ಉಳಿತೈತಿ, ಅಲ್ಲಿಗೆ ಬಿಪಿ ಮನುಷ್ಯನ ಮಾರಿ ಕೆಂಪಗಾಗಿರತೈತಿ.

---

ದುರ್ಗದಬೈಲ್

ಇಷ್ಟೆಲ್ಲಾ ಯಾಕ್ರಿ, ಕಾಲು ಮುಂದಾಗಿ ಹುಟ್ಟಿದವರ ಕಡಿಂದ ಟೊಂಕಕ್ಕ ಒದಿಸ್ಕೊಂಡ್ರ ಬಿಡತೈತಿ ಅಂತಾರಲ್ಲ ನಮ್ಮ ಕಡೆ. ಚ್ಯಾಷ್ಟಿ ಬಿಡ್ರಿ. ಖರೆ ಪ್ರಶ್ನೆ: ಬಾಗಿಲ ಚೌಕಟ್ಟಿಗೆ ರಾಡ್ ಹಾಕಿ ಜೋತು ಬೀಳೋದು ಹೆಂಗ?

---

ರಾಣೆಬೆನ್ನೂರು_ಆರ್ಥೊ

ಒದೆಸಿಕೊಂಡಾಗ ಹೋಗುವುದು ಸ್ನಾಯುವಿನ ಚಳಕು. ಒದೆಯದಿದ್ದರೂ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಅದು ತಾನೇ ಹೋಗುತ್ತದೆ. ಕಾಲಿಗೆ ಎಳೆತ ಇರುವವರಿಗೆ ಒದೆಸಬೇಡಿ, ದಯವಿಟ್ಟು. ರಾಡಿಗೆ ಜೋತುಬಿದ್ದಾಗ ಜಗ್ಗುವ ತೂಕ ಸಾಕಷ್ಟಿರುತ್ತದೆ, ನಿಜ. ಆದರೆ ಕೈ ಸೋಲುತ್ತದೆ, 54ರ ಭುಜ ತಡೆಯುವುದಿಲ್ಲ, ಕೈ ಬಿಟ್ಟು ನೆಲಕ್ಕೆ ಧುಮುಕಿದ ಒಂದು ಕ್ಷಣದಲ್ಲಿ ಡಿಸ್ಕಿನ ಮೇಲೆ ಬೀಳುವ ಪೆಟ್ಟು ಗಳಿಸಿದ್ದನ್ನೆಲ್ಲ ಕಳೆಯುತ್ತದೆ.

ಟ್ರಾಕ್ಷನ್ ಪರವಾಗಿಯೂ ಒಂದು ಮಾತು ಇರಲಿ. ಎಲ್ಲರನ್ನೂ ಒಟ್ಟುಹಾಕಿ ಅಳೆದರೆ ಲಾಭ ಕಾಣದು, ಕೆಲವರಿಗಾದರೂ ಆಗಬಹುದಲ್ಲ ಎಂಬ ವಾದ ಹಳೆಯದು. ಬೆನ್ನು ಹಿಂದಕ್ಕೆ ಬಾಗಿಸಿದರೆ ನೋವು ಕಾಲಿಗೆ ಇಳಿಯುವವರು, ನೋವಿಲ್ಲದ ಕಾಲು ಎತ್ತಿದರೂ ನೋವಿನ ಕಾಲಿಗೆ ಎಳೆತ ಬರುವವರು, ಇಂಥವರಿಗೆ ಲಾಭವಿದೆ ಎಂದು 2007ರ ಒಂದು ಸಣ್ಣ ಪ್ರಯೋಗ ಸೂಚಿಸಿತ್ತು. 2016ರಲ್ಲಿ 120 ಜನರ ಮೇಲೆ ಮತ್ತೆ ನೋಡಿದಾಗ ಆ ಗುಂಪಿಗೂ ಹೆಚ್ಚುವರಿ ಲಾಭ ಸಿಗಲಿಲ್ಲ. ಇನ್ವರ್ಷನ್‌ಗೂ 2012ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಿಂದ ಒಳ್ಳೆಯ ಫಲಿತಾಂಶದ ಒಂದು ವರದಿ ಇದೆ, ಆದರೆ ಅದರಲ್ಲಿದ್ದದ್ದು ಬರೀ 25 ಜನರ ಆಸುಪಾಸು. ಅಷ್ಟನ್ನು ನಂಬಿ ಬಿಪಿಯವರನ್ನು ತಲೆಕೆಳಗು ಮಾಡಲಾಗದು.

ಆಸೆ ಬಿಡದಿದ್ದರೆ ಹೀಗೆ ಮಾಡಿ. ಫಿಸಿಯೊ ಹತ್ತಿರ ಹೋಗಿ ಎರಡೂ ಕಾಲು ಮಡಚಿ ಮಲಗಿದಾಗ ಕೈಯಿಂದಲೇ ಸೊಂಟ ಜಗ್ಗಿ ನೋಡಲು ಕೇಳಿ. ಜಗ್ಗಿದಾಗ ಮೀನಖಂಡದ ನೋವು ಆ ಕ್ಷಣದಲ್ಲೇ ಕಡಿಮೆಯಾದರೆ ಮೂರ್ನಾಲ್ಕು ಸಲ ಯಂತ್ರದಲ್ಲಿ ನೋಡಬಹುದು. ನಾಲ್ಕನೆಯದಕ್ಕೂ ಬದಲಾವಣೆ ಇಲ್ಲವೆಂದರೆ ನಿಲ್ಲಿಸಿ. ಇದಕ್ಕೆ ಹುಬ್ಬಳ್ಳಿಗೋ ಧಾರವಾಡಕ್ಕೋ ದಿನವೂ ಬಸ್ಸಿನಲ್ಲಿ ಒಂದೂವರೆ ತಾಸು ಕುಳಿತು ಹೋಗಿ ಬರುವುದಾದರೆ ಬೇಡವೇ ಬೇಡ, ಕುಳಿತ ಬೆನ್ನಿಗೆ ಆ ದಾರಿಯೇ ಭಾರ. ಗದಗಿನಲ್ಲೇ ನೋಡಿಸಿ.

ಈಗ ಮುಖ್ಯವಾದದ್ದು. ಎಲ್4–ಎಲ್5ರ ಉಬ್ಬು ಸಾಮಾನ್ಯವಾಗಿ ಎಲ್5 ನರವನ್ನು ಒತ್ತುತ್ತದೆ. ಆ ನರ ಹೆಬ್ಬೆರಳನ್ನೂ ಪಾದವನ್ನೂ ಮೇಲಕ್ಕೆ ಎತ್ತುತ್ತದೆ. ಕಾಕಾ ಅವರಿಗೆ ದಿನಾ ಮುಂಜಾನೆ ಗೋಡೆ ಹಿಡಿದು ಹಿಮ್ಮಡಿಯ ಮೇಲೆ 10 ಹೆಜ್ಜೆ ನಡೆಯಲು ಹೇಳಿ. ಬಲಪಾದದ ಮುಂಭಾಗ ನೆಲಕ್ಕೆ ಬೀಳುತ್ತಿದ್ದರೆ, ಚಪ್ಪಲಿ ಜಾರುತ್ತಿದ್ದರೆ ಅಂದೇ ಡಾಕ್ಟರ ಹತ್ತಿರ ಹೋಗಿ. ಮೂತ್ರ ಕಟ್ಟುವುದು, ಗೊತ್ತಾಗದೆ ಆಗುವುದು, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟುವುದು, ಎರಡೂ ಕಾಲಿನ ಬಲ ಕುಂದುವುದು: ಇವು ಕಂಡರೆ ತಾಸುಗಳ ಲೆಕ್ಕ, ನೇರ ಹುಬ್ಬಳ್ಳಿ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಥರದ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ.

ಎಂಆರ್‌ಐ ಇಲ್ಲದೆ ಕಿಟ್ ಕಟ್ಟುವವರಿಗೆ ಇನ್ನೊಂದು: ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೋ ಗಡ್ಡೆಯೋ ಇರಬಹುದು. ಬಹಳ ದಿನ ಸ್ಟೆರಾಯ್ಡ್ ತಗೊಂಡವರ, ಮುಟ್ಟು ನಿಂತು ವರ್ಷಗಳಾದ ಅಮ್ಮಂದಿರ ಮೂಳೆ ಟೊಳ್ಳಾಗಿರಬಹುದು. ಇಂಥ ಮೂಳೆಯನ್ನು ಜಗ್ಗುವಂತಿಲ್ಲ.

ಐದು ವಾರವಾಗಿದೆ ಎಂದಿರಿ. ಡಿಸ್ಕಿನಿಂದ ಬರುವ ಕಾಲುನೋವು ಹೆಚ್ಚಿನವರಲ್ಲಿ 6ರಿಂದ 12 ವಾರದೊಳಗೆ ಇಳಿಮುಖವಾಗುತ್ತದೆ. ಹೊರಚಾಚಿದ ತುಣುಕನ್ನು ದೇಹವೇ ಕರಗಿಸಿಕೊಳ್ಳುವುದೂ ಉಂಟು. ಈ ಹೊತ್ತಿನಲ್ಲಿ ಏನು ಕಟ್ಟಿದರೂ ಅದರಿಂದಲೇ ವಾಸಿಯಾಯಿತು ಅನ್ನಿಸುತ್ತದೆ.

---

ಬೆಟಗೇರಿ_ಮಗ್ಗ

ಎಲ್ಲಾರಿಗೂ ಧನ್ಯವಾದ್ರಿ. ಕಿಟ್ ಬಿಟ್ಟೆ. ಹಿಮ್ಮಡಿ ಮ್ಯಾಲ ನಡಿಸಿ ನೋಡಿದ್ವಿ, ಪಾದ ಬೀಳಂಗಿಲ್ಲ. ಫಿಸಿಯೊ ಸರ್, ಹಂಗಾರ ಮನ್ಯಾಗ ಮಾಡೋದು ಏನು? ಮಗ್ಗಕ್ಕ ಯಾವಾಗ ಇಳಿಬಹುದು?

---

ಸಪ್ತಾಪುರ_ಫಿಸಿಯೊ

ಮೂರು ಭಂಗಿ ಹೇಳುತ್ತೇನೆ, ಮೂರಕ್ಕೂ ಮನೆಯ ಸಾಮಾನೇ ಸಾಕು. ಎಲ್ಲದಕ್ಕೂ ಒಂದೇ ಅಳತೆಗೋಲು: ಮೀನಖಂಡದ ನೋವು ಮೇಲೆ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಸರಿದರೆ ಒಳ್ಳೆಯದು, ಸೊಂಟದಲ್ಲಿ ತುಸು ಹೆಚ್ಚಾದರೂ ಸರಿ. ನೋವು ಪಾದದ ಕಡೆಗೆ ಇಳಿದರೆ ಆ ಭಂಗಿ ಅವರಿಗಲ್ಲ.

ಮೊದಲನೆಯದು, ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ ಎರಡೂ ಮೀನಖಂಡ ಖುರ್ಚಿಯ ಮೇಲೆ ಇಡುವುದು. ತೊಡೆ ನೆಟ್ಟಗೆ, ಮೊಣಕಾಲು ಕಾಟಕೋನ. ಖುರ್ಚಿ ತೊಡೆಗಿಂತ ಎತ್ತರವಿದ್ದರೆ ಪೃಷ್ಠ ನೆಲ ಬಿಡುತ್ತದೆ, ಆಗ ಅದರ ಕೆಳಗೆ ಮಡಚಿದ ಚಾದರ ಕೊಡಿ. 10–15 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ.

ಎರಡನೆಯದಕ್ಕೆ ಕೌದಿ ಬೇಕು. ಸುತ್ತಿ 15–18 ಸೆಂ.ಮೀ. ದಪ್ಪದ ಸುರುಳಿ ಮಾಡಿ. ಅವರಿಗೆ ಬಲಗಾಲು ತಾನೇ, ಎಡ ಮಗ್ಗಲಿಗೆ ಮಲಗಬೇಕು, ನೋವಿನ ಬದಿ ಮೇಲೆ. ಸುರುಳಿ ಬರಬೇಕಾದ್ದು ಎಡಗಡೆ ಪಕ್ಕೆಲುಬು ಮುಗಿದು ಟೊಂಕದ ಎಲುಬು ಶುರುವಾಗುವ ನಡುವಿನ ಮೆತ್ತನೆ ಜಾಗಕ್ಕೆ. ಪಕ್ಕೆಲುಬಿನ ಕೆಳಗೆ ಹೋದರೆ ಉಸಿರು ಕಟ್ಟುತ್ತದೆ, ಬೆನ್ನಿಗೆ ಏನೂ ಆಗುವುದಿಲ್ಲ. ಸರಿಯಾಗಿ ಬಿದ್ದರೆ ಬೆನ್ನು ಸುರುಳಿಯ ಮೇಲೆ ಎಡಕ್ಕೆ ಬಾಗಿ, ಬಲಗಡೆ ನರ ಹೊರಬರುವ ಕಿಂಡಿ ಬಾಯಿ ತೆರೆಯುತ್ತದೆ. ರಾಟಿ ಇಲ್ಲದ ಟ್ರಾಕ್ಷನ್ ಎಂದರೆ ಇದೇ. ಮೊಣಕಾಲು ಹಿತವಾಗುವಷ್ಟು ಮಡಚಿ, ನಡುವೆ ದಿಂಬು ಇಡಿ. ಮೊದಲ ದಿನ 5 ನಿಮಿಷ, ಹಿಡಿಸಿದರೆ 15.

ಮೂರನೆಯದು ಅಡಿಗೆಮನೆ ಕಟ್ಟೆ. ಕಟ್ಟೆಗೆ ಬೆನ್ನು ಕೊಡದೆ ಮುಖಮಾಡಿ ನಿಂತು, ಎರಡೂ ಮುಂಗೈ ಕಟ್ಟೆಯ ಮೇಲೆ ಊರಿ, ಮೊಣಕಾಲು ಸಡಿಲಬಿಟ್ಟು ಸೊಂಟದ ಭಾರ ತೂಗುವಂತೆ ಬಿಡುವುದು. ಪಾದ ನೆಲ ಬಿಡಬಾರದು. 20–30 ಸೆಕೆಂಡು, ನಾಲ್ಕೈದು ಸಲ. ಗ್ರಾನೈಟ್ ಒರೆಸಿಕೊಳ್ಳಿ, ಹಸಿ ಇದ್ದರೆ ಕೈ ಜಾರುತ್ತದೆ.

ಇವು ನೋವಿಗೆ ಬಿಡುವು ಕೊಡುವ ಭಂಗಿಗಳು, ವಾಸಿ ಮಾಡುವುದು ನಡಿಗೆ ಮತ್ತು ಡಾಕ್ಟರು ಹೇಳಿದ ವ್ಯಾಯಾಮ. ತೀರ ನೋವಿದ್ದರೆ ಒಂದೆರಡು ದಿನ ಮಲಗಬಹುದು, ಅದಕ್ಕಿಂತ ಹೆಚ್ಚು ಬೇಡ. 10 ನಿಮಿಷದಂತೆ ದಿನಕ್ಕೆ ನಾಲ್ಕು ಸಲ ಸಮತಟ್ಟು ದಾರಿಯಲ್ಲಿ ನಡೆಯಲಿ.

ಮಗ್ಗಕ್ಕೆ ವಾರ, ತಿಂಗಳು ಅಂತ ಕಾಯಬೇಕಿಲ್ಲ. 30 ನಿಮಿಷ ಕುಳಿತರೂ ನೋವು ಮೀನಖಂಡಕ್ಕೆ ಇಳಿಯದ ದಿನ ಅರ್ಧ ದಿನದ ಕೆಲಸ ಶುರುಮಾಡಲಿ. ಕುಣಿ ಮಗ್ಗದಲ್ಲಿ ಬೆನ್ನಿಗೆ ಕೇಡು ಲಾಳಿ ಹೊಡೆಯುವುದಕ್ಕಿಂತ ಎಳೆ ಕಡಿದಾಗ ಮುಂದಕ್ಕೆ ಬಗ್ಗಿ ತಿರುಚಿಕೊಂಡು ಜೋಡಿಸುವುದರಿಂದ, ಮತ್ತು ಕುಣಿಯಿಂದ ಒಂದು ಕಾಲು ಮೇಲಿಟ್ಟು ತಿರುಗಿ ಏಳುವುದರಿಂದ. ದೂರದ ಎಳೆ ಸದ್ಯಕ್ಕೆ ಬೇರೆಯವರು ಜೋಡಿಸಲಿ. ಏಳುವಾಗ ಎರಡೂ ಕಾಲು ಒಟ್ಟಿಗೆ ಮೇಲೆ ತಂದು, ಕೈ ಊರಿ ಎದ್ದುಕೊಳ್ಳಲಿ. ಅರ್ಧ ತಾಸಿಗೊಮ್ಮೆ ಎರಡು ನಿಮಿಷ ನಿಲ್ಲಲಿ.

---

ಬೆಟಗೇರಿ_ಮಗ್ಗ

ಕೌದಿ ಹಳೇದು ಐತ್ರಿ, ಮೆತ್ತಗಾಗೈತಿ. ಮಲಗಿದ ಕೂಡಲೇ ಚಪ್ಪಟಾಗತೈತಿ.

---

ರಾಟಿ_ಹಗ್ಗ (ಹುಬ್ಬಳ್ಳಿ)

ಒಳಗ ಒಂದು ಚಾಪಿ ಬಿಗಿಯಾಗಿ ಸುತ್ತಿ, ಅದರ ಮ್ಯಾಲ ಕೌದಿ ಸುತ್ರಿ. ಎರಡೂ ತುದಿಗೆ ಮತ್ತ ನಡುವ ಟಾವೆಲ್ ಪಟ್ಟಿ ಕಟ್ರಿ, ಗಂಟು ಮಾತ್ರ ನೆಲದ ಕಡೆ ಬರಲಿ. ಪಕ್ಕಡಿಗೆ ಗಂಟು ಚುಚ್ಚಿದ್ರ ಕಾಕಾ ಎರಡನೇ ದಿನಕ್ಕ ಸುರುಳಿನ ಬಿಚ್ಚಿ ಹೊದ್ದುಕೊಂಡು ಮಲಗತಾರ.